ಬಂದ್ ಮಾಡದೆ ಬದಲಿಸಿದ್ದು

ಬದಲಿ ಸಾಮಾನು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದಿಳಿದ ದಿನವೇ ಮಜೀದ ಮತ್ತು ಭಾಗ್ಯಶ್ರೀ ಶಿಗ್ಗಾವಿಯಿಂದ ಸವಣೂರಿಗೆ ಹೊರಟರು. ಮಜೀದ ಹಾನಗಲ್ಲಿನವನು. ಐವತ್ತು ದಾಟಿದ, ಗಡ್ಡ ಅರ್ಧ ಬೆಳ್ಳಗಾದ ಗಟ್ಟಿ ಆಳು. ಸುತ್ತಲಿನ ನಾಲ್ಕು ತಾಲ್ಲೂಕುಗಳ ಕಾಲೇಜು, ಬ್ಯಾಂಕು, ಆಸ್ಪತ್ರೆಗಳಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ, ಕೆಟ್ಟಾಗ ರಿಪೇರಿ ಮಾಡಿಕೊಡುವುದು ಅವನ ಕಸುಬು. ಭಾಗ್ಯಶ್ರೀ ಹಿರೇಬೆಂಡಿಗೇರಿಯವಳು. ಡಿಪ್ಲೊಮಾ ಮುಗಿಸಿ ಶಿಗ್ಗಾವಿಯ ಅವನ ಅಂಗಡಿ ಸೇರಿದವಳು, ಮದುವೆಯಾಗಿ ಒಂದು ಮಗುವಾದ ಮೇಲೂ ಬಿಟ್ಟಿರಲಿಲ್ಲ. ಅವನನ್ನು ಕಾಕಾ ಎನ್ನುತ್ತಿದ್ದಳು.

ವ್ಯಾನು ಓಡಿಸುತ್ತಿದ್ದವನು ಮಜೀದ. ಗೇರಿನ ಮೇಲಿಟ್ಟ ಅವನ ಎಡಗೈಯನ್ನಲ್ಲ, ಸ್ಟೇರಿಂಗ್ ಹಿಡಿದ ಕೈಯನ್ನೂ ಅಲ್ಲ, ಭಾಗ್ಯಶ್ರೀ ಬೇಕೆಂದೇ ರಸ್ತೆಯ ಬದಿಯ ಕಡಲೆ ಹೊಲಗಳನ್ನು ನೋಡುತ್ತಿದ್ದಳು. ದೀಪಾವಳಿಯ ಹೊತ್ತಿನಿಂದ ಅವನ ಕೈ ನಡುಗುವುದು ಅವಳಿಗೆ ಗೊತ್ತಾಗಿತ್ತು. ತೆಳು ವೈರುಗಳ ತುದಿ ಸುಲಿದು ಜೋಡಿಸುವ ಕೆಲಸವನ್ನು ಅವನು ಮೊದಲು ಅವಳಿಗೆ ದಾಟಿಸಿದ್ದ. ಕೇಳಿದರೆ, "ಕಣ್ಣು ಮಂಜಾಗೇತಿ, ನೀನ ಮಾಡು" ಎಂದಿದ್ದ. ಆಮೇಲೆ ಏಣಿ ಹತ್ತುವುದು ಬಿಟ್ಟ, ಅದಕ್ಕೆ ಮೊಣಕಾಲಿನ ನೆಪ ಬಂತು. ಕಣ್ಣೂ ಮೊಣಕಾಲೂ ನೆಟ್ಟಗಿವೆ ಎಂದು ಅವಳಿಗೆ ತಿಳಿದಿತ್ತು. ಕೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂದದ್ದನ್ನು ನುಂಗಿಕೊಂಡಿದ್ದಳು. ಕಸುಬು ಕಲಿಸಿದವರಿಗೆ ಹೇಗೆ ಹೇಳುವುದು, ನಿಮ್ಮ ಕೈ ಮೊದಲಿನಂತಿಲ್ಲ ಎಂದು?

ಸವಣೂರಿನ ಆ ಆಸ್ಪತ್ರೆ ಒಂದು ಟ್ರಸ್ಟಿನವರು ನಡೆಸುವಂಥದ್ದು. ಔಷಧಿ ಅಂಗಡಿಯ ಪಕ್ಕದ ಸಣ್ಣ ಖೋಲಿಯಲ್ಲಿ, ಕಬ್ಬಿಣದ ಕಪಾಟಿನೊಳಗೆ ಅವರ ನೆಟ್‌ವರ್ಕ್ ಸ್ವಿಚ್ ಇತ್ತು. ಸ್ವಿಚ್ ಎಂದರೆ ಗೋಡೆಯ ಮೇಲೆ ಒತ್ತುವ ಗುಂಡಿಯಲ್ಲ. ನೂರಾರು ನೀಲಿ ಕೇಬಲ್ಲುಗಳು ಬಂದು ಸೇರುವ, ಹಾಸಿಗೆಯ ಟ್ರಂಕಿನಷ್ಟು ದೊಡ್ಡ ಡಬ್ಬಿ. ರಕ್ತ ಪರೀಕ್ಷೆಯ ವರದಿ, ಎಕ್ಸ್‌ರೇ ಚಿತ್ರ, ಐಸಿಯುವಿನಲ್ಲಿ ಮಲಗಿದವರ ನಾಡಿ, ಎಲ್ಲವೂ ಅದರ ಮೂಲಕವೇ ಒಂದು ಖೋಲಿಯಿಂದ ಇನ್ನೊಂದಕ್ಕೆ ಹೋಗಬೇಕು. ಅದಕ್ಕೆ ಕರೆಂಟ್ ಕೊಡಲು ಹಿಂಬದಿಯಲ್ಲಿ ಎರಡು ಪವರ್ ಸಪ್ಲೈಗಳು, ಜೋಡಿ ಎತ್ತಿನ ಹಾಗೆ. ಒಂದು ಬಿದ್ದರೆ ಇನ್ನೊಂದು ಎಳೆಯುತ್ತದೆ. ಈಗ ಎಡಗಡೆಯದು ಸತ್ತು, ಬಲಗಡೆಯದು ಒಂದೇ ಇಡೀ ಆಸ್ಪತ್ರೆಯನ್ನು ಎಳೆಯುತ್ತಿತ್ತು.

ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಮಲ್ಲೇಶಪ್ಪ ಬಾಗಿಲಲ್ಲೇ ಕಾಯುತ್ತಿದ್ದ.

"ಬರ್ರಿ ಮಜೀದಸಾಬ್ರ. ಎಷ್ಟೊತ್ತು ಬಂದ್ ಆಗತೈತ್ರಿ? ಎಲ್ಲಾ ವಾರ್ಡಿಗೂ ಹೇಳಿ ಬಿಡತೇನಿ."

"ಬಂದ್ ಮಾಡೂದ ಇಲ್ರಿ. ಚಾಲೂ ಇದ್ದಾಗನ ಹಳೇದು ತಗದು ಹೊಸಾದು ಹಾಕೂದು. ಇದನ್ನ ಹಂಗಂತನ ಮಾಡ್ಯಾರ."

"ಚಾಲೂ ಇದ್ದಾಗ ಕೈ ಹಾಕೂದ?" ಮಲ್ಲೇಶಪ್ಪನ ಮುಖ ಸಣ್ಣದಾಯಿತು. "ಏನಾರ ಆತಂದ್ರ?"

"ಆಗೂದಿಲ್ಲ. ಆದ್ರ ಒಂದು ಮಾತು ಹೇಳ್ರಿ, ಈಗ ಆಪರೇಶನ್ ಏನರ ನಡದೈತೇನು?"

ನಡೆದಿತ್ತು. ಹತ್ತಿಮತ್ತೂರಿನ ಗೋಣೆಪ್ಪ ಎಂಬ ಮುದುಕನಿಗೆ ಸೊಂಟದ ಚಪ್ಪೆಯ ಎಲುಬು ಮುರಿದು ರಾಡು ಹಾಕುತ್ತಿದ್ದರು. ಒಳಗಿನ ಪರದೆಯ ಮೇಲೆ ಎಕ್ಸ್‌ರೇ ನೋಡುತ್ತಲೇ ಡಾಕ್ಟರು ಕೆಲಸ ಮಾಡಬೇಕು. ಆ ಚಿತ್ರಗಳು ಬರುವುದೂ ಇದೇ ಸ್ವಿಚ್ಚಿನ ಮೂಲಕ.

"ಹಂಗಾರ ಅದು ಮುಗೀಲಿ" ಎಂದ ಮಜೀದ.

"ಈಗರ ಏನೂ ಆಗೂದಿಲ್ಲ ಅಂದ್ರಿ?"

"ಆಗೂದಿಲ್ಲ ಅಂತ ನಮಗ ಗೊತ್ತೈತ್ರಿ. ಆದ್ರೂ ಒಳಗ ಒಬ್ಬಾಂವ ಕಾಲು ಬಿಚ್ಚಿಸಿಕೊಂಡು ಮಲಗ್ಯಾನ. ಅಂವ ಹೊರಗ ಬರ್ಲಿ. ನಾವು ಕುಂಡರತೇವಿ."

ಕಾಯುವ ಹೊತ್ತು ಸುಮ್ಮನೆ ಹೋಗಲಿಲ್ಲ. ಹೊಸ ಪವರ್ ಸಪ್ಲೈಯ ಪೆಟ್ಟಿಗೆ ಬಿಚ್ಚಿ ಭಾಗ್ಯಶ್ರೀ ಅದರ ನಂಬರು ಓದಿದಳು, ಮಜೀದ ಹಳೆಯದರ ನಂಬರಿನೊಂದಿಗೆ ತಾಳೆ ನೋಡಿದ. ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆಂದು ತೋರಿಸುವ ಬಾಣದ ಗುರುತನ್ನೂ ನೋಡಿದರು. ಒಂದು ಒಳಗೆ ಎಳೆದು ಇನ್ನೊಂದು ಹೊರಗೆ ಊದುವಂಥದ್ದಾದರೆ ಡಬ್ಬಿ ಒಲೆಯಾಗುತ್ತದೆ. ಎರಡೂ ಒಂದೇ ಕಡೆಗಿದ್ದವು. ಲ್ಯಾಪ್‌ಟಾಪ್ ಜೋಡಿಸಿ ಸ್ವಿಚ್ಚನ್ನೇ ಕೇಳಿದಾಗಲೂ ಸತ್ತದ್ದು ಎಡಗಡೆಯದೇ ಎಂದು ಬಂತು. ದೀಪವೂ ಅದನ್ನೇ ಹೇಳುತ್ತಿತ್ತು: ಬಲಕ್ಕೆ ಹಸಿರು, ಎಡಕ್ಕೆ ಕೆಂಪು. ಮಜೀದ ಕೆಂಪು ಟೇಪಿನ ಒಂದು ತುಂಡು ಕತ್ತರಿಸಿ ಬಲಗಡೆಯದರ ಮೇಲೆ ಅಂಟಿಸಿದ. ಇದನ್ನು ಮುಟ್ಟಬಾರದು ಎಂಬ ಗುರುತು. ಟೇಪು ಸ್ವಲ್ಪ ಸೊಟ್ಟಗೆ ಕೂತಿತು. ಅವನು ಅದನ್ನು ಕಿತ್ತು ಮತ್ತೆ ಅಂಟಿಸಲು ಹೋಗಲಿಲ್ಲ.

ಹೊರಗಿನ ಬೆಂಚಿನ ಮೇಲೆ ಗೋಣೆಪ್ಪನ ಹೆಂಡತಿ ಹುಚ್ಚವ್ವ ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇಬ್ಬರೂ ಪಕ್ಕದಲ್ಲಿ ಬಂದು ಕೂತಾಗ ಅವಳೇ ಮಾತಿಗೆ ಶುರು ಮಾಡಿದಳು.

"ನಿಮ್ಮವರೂ ಒಳಗ ಅದಾರೇನಬೇ ತಂಗಿ?"

"ಇಲ್ಲಬೇ ಅಮ್ಮಾ, ನಾವು ಕಂಪ್ಯೂಟರ್ ರಿಪೇರಿಗೆ ಬಂದೇವಿ. ನಿಮ್ಮ ಯಜಮಾನ್ರದು ಮುಗೀಲಿ ಅಂತ ಕುಂತೇವಿ."

"ಅಯ್ಯ, ನಮ್ಮ ಮುದುಕನ ಸಲುವಾಗಿ ನೀವೂ ಕಾಯಾಕತ್ತೀರಿ?" ಹುಚ್ಚವ್ವನಿಗೆ ಇದು ಬಹಳ ದೊಡ್ಡ ಸಂಗತಿಯೆನಿಸಿತು. ಕೂಡಲೇ ಗಂಟು ಬಿಚ್ಚಿದಳು. "ಮಕ್ಕಳು ಮೇವು ಒಟ್ಟತೇವಿ ಅಂದ್ರ ಕೇಳಲಿಲ್ಲ. ತಾನ ಬಣವಿ ಹತ್ತಿದ. ನೀವು ಒಟ್ಟಿದ್ರ ಸೊಟ್ಟ ಆಗತೈತಿ ಅಂದ. ಬಣವಿ ನೆಟ್ಟಗ ಆತು, ಅಂವ ಸೊಟ್ಟ ಆದ. ತಗೋರಿ, ರೊಟ್ಟಿ ತಿನ್ರಿ."

ಬೇಡವೆಂದರೂ ಬಿಡಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮಜೀದ ಅಂಗೈಯಲ್ಲಿ ರೊಟ್ಟಿ ಹಿಡಿದ. ಮುರಿದು, ಪಲ್ಯ ಹಚ್ಚಿ ಬಾಯಿಗೆ ಒಯ್ಯುವಷ್ಟರಲ್ಲಿ ಅರ್ಧ ಅವನ ಅಂಗಿಯ ಮೇಲೆ ಬಿತ್ತು. ಎರಡನೆಯ ತುತ್ತೂ ಹಾಗೇ ಆಯಿತು. ಭಾಗ್ಯಶ್ರೀ ತನ್ನ ರೊಟ್ಟಿಯನ್ನೇ ನೋಡುತ್ತ ತಿಂದಳು.

ಹುಚ್ಚವ್ವ ನೋಡಿಯೇ ಬಿಟ್ಟಳು. "ನಿನ್ನ ಕೈ ನಡಗತೈತಲ್ಲೋ ತಮ್ಮಾ. ಯಾರಿಗರ ತೋರಿಸಿಯೇನು?"

ಭಾಗ್ಯಶ್ರೀ ತಲೆಯೆತ್ತಿದಳು. ಎಷ್ಟೋ ತಿಂಗಳಿಂದ ತಾನು ಆಡಲಾರದ ಮಾತನ್ನು ಈ ಮುದುಕಿ ಎಲೆ ಅಡಿಕೆ ಕೇಳಿದಷ್ಟು ಸಲೀಸಾಗಿ ಕೇಳಿದ್ದಳು.

"ಚಳಿಗೆಬೇ" ಎಂದ ಮಜೀದ.

ಹುಚ್ಚವ್ವ ಕಿಟಕಿಯ ಹೊರಗೆ ನೋಡಿದಳು. ಶಿವರಾತ್ರಿ ಹತ್ತಿರ ಬಂದಿತ್ತು, ಬಿಸಿಲು ಅಂಗಳದ ಫರಸಿಯ ಮೇಲೆ ಕುಣಿಯುತ್ತಿತ್ತು. "ಈ ಬಿಸಲಾಗ ಚಳಿಯೇನೋ!" ಎಂದು ನಕ್ಕಳು. ಆಮೇಲೆ ಏನೂ ಕೆದಕಲಿಲ್ಲ. ಇನ್ನೊಂದು ರೊಟ್ಟಿ ತೆಗೆದು, ಪಲ್ಯವನ್ನು ಅದರೊಳಗಿಟ್ಟು ಸುರುಳಿ ಸುತ್ತಿ ಅವನ ಕೈಗೆ ಕೊಟ್ಟಳು. "ಹಿಂಗ ಹಿಡಿ, ಬೀಳೂದಿಲ್ಲ." ಮಜೀದ ತಲೆ ತಗ್ಗಿಸಿ ಅದನ್ನು ತಿಂದ. ಒಂದು ಚೂರೂ ಬೀಳಲಿಲ್ಲ.

ಗೋಣೆಪ್ಪನನ್ನು ಹೊರಗೆ ತಂದಾಗ ಮಧ್ಯಾಹ್ನ ವಾಲಿತ್ತು. ಡಾಕ್ಟರ್ ಅಂಕಿತಾ ಬಂದು ಹುಚ್ಚವ್ವನಿಗೆ ಎಲ್ಲ ಚೆನ್ನಾಗಿ ಆಗಿದೆಯೆಂದು ಹೇಳಿದಳು. ಆಸ್ಪತ್ರೆಯಲ್ಲಿ ದಿನವಿಡೀ ಇರುವ ಡಾಕ್ಟರು ಅವಳೇ. ಹಾಗೇ ಇತ್ತ ತಿರುಗಿ, "ಇನ್ನ ನಿಮ್ಮ ಕೆಲಸಾ ನೀವು ಮಾಡ್ರಿ. ಐಸಿಯುದಾಗ ಒಂದಿಷ್ಟು ಹೊತ್ತು ನಾನ ನಿಂತಿರತೇನಿ" ಎಂದಳು.

ಖೋಲಿಯೊಳಗೆ ಮಜೀದ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡ. ಅದರ ವೈರಿನ ಇನ್ನೊಂದು ತುದಿಯನ್ನು ಕಪಾಟಿನ ಬರಿ ಲೋಹಕ್ಕೆ ಕಚ್ಚಿಸಿದ. ಒಣ ಹವೆಯಲ್ಲಿ ಅಂಗಿ ಕಳಚುವಾಗ ಚಿಟಚಿಟ ಎನ್ನುತ್ತದಲ್ಲ, ಆ ಕಿಡಿ ಸಾಕು, ಒಳಗಿನ ಸಾಮಾನು ಸುಟ್ಟುಹೋಗಲು. ಪಟ್ಟಿ ಕಟ್ಟಿಕೊಂಡರೆ ಮೈಯ ಕಿಡಿ ಸದ್ದಿಲ್ಲದೆ ನೆಲಕ್ಕಿಳಿಯುತ್ತದೆ. ಹೊಸ ಪವರ್ ಸಪ್ಲೈಯನ್ನು ಕೈಗೆಟುಕುವಂತೆ ಪಕ್ಕದಲ್ಲೇ ಇಟ್ಟರು. ಹಳೆಯದನ್ನು ತೆಗೆದ ಮೇಲೆ ಆ ಜಾಗ ಬಹಳ ಹೊತ್ತು ಖಾಲಿ ಬಿಡುವಂತಿಲ್ಲ. ಗಾಳಿ ದಾರಿ ತಪ್ಪಿ ಉಳಿದದ್ದೂ ಬಿಸಿಯಾಗುತ್ತದೆ.

"ಮೊದಲು ಎಡಗಡೆದ್ದರ ಕಾರ್ಡು" ಎಂದು ತನಗೇ ಹೇಳಿಕೊಳ್ಳುವಂತೆ ಹೇಳಿ ಮಜೀದ ಕಪಾಟಿನ ಹಿಂಬದಿಗೆ ಕೈ ಚಾಚಿದ.

ಕರೆಂಟ್ ತರುವ ಎರಡೂ ದಪ್ಪ ವೈರುಗಳು, ಆ ಪವರ್ ಕಾರ್ಡುಗಳು, ಪಕ್ಕಪಕ್ಕದಲ್ಲೇ ಜೋತಾಡುತ್ತಿದ್ದವು. ಚಾಚಿದಷ್ಟೂ ಅವನ ಕೈ ಹೆಚ್ಚು ನಡುಗಿತು. ಅವನು ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು ಮತ್ತೆ ಪ್ರಯತ್ನಿಸಿದ. ಕಿರುಬೆರಳು ಬಲಗಡೆಯ ಕಾರ್ಡಿಗೆ ಸಿಕ್ಕಿ, ಅದು ತನ್ನ ಜಾಗದಿಂದ ತುಸು ಜಾರಿತು.

ಅಷ್ಟರಲ್ಲಿ ಭಾಗ್ಯಶ್ರೀಯ ಕೈ ಅಲ್ಲಿಗೆ ಹೋಗಿ ಕಾರ್ಡನ್ನು ಅಂಗೈಯಿಂದ ಒತ್ತಿ ಹಿಡಿದಿತ್ತು. ಇಬ್ಬರೂ ಹಾಗೇ ನಿಂತರು. ಫ್ಯಾನುಗಳ ಸದ್ದು ಬರುತ್ತಿತ್ತು, ಮುಂಬದಿಯ ದೀಪಗಳು ಮಿನುಗುತ್ತಿದ್ದವು. ಹಸಿರು ಹಸಿರಾಗಿಯೇ ಇತ್ತು. ಪಕ್ಕದ ಔಷಧಿ ಅಂಗಡಿಯಲ್ಲಿ ಬಿಲ್ಲು ಮುದ್ರಣವಾಗುವ ಕರಕರ ಸದ್ದು ಕೇಳಿಸಿತು.

ಮಜೀದ ನಿಧಾನವಾಗಿ ಕೈ ಹಿಂದಕ್ಕೆ ತೆಗೆದುಕೊಂಡ. ತನ್ನ ಕೈಯನ್ನೇ, ಬೇರೆಯವರ ವಸ್ತುವೊಂದನ್ನು ನೋಡುವಂತೆ ಒಂದಿಷ್ಟು ಹೊತ್ತು ನೋಡಿದ. ಆಮೇಲೆ ಮಣಿಕಟ್ಟಿನ ಪಟ್ಟಿ ಬಿಚ್ಚಿದ.

"ತಗೋ. ನೀ ಕಟ್ಟಿಕೋ."

"ಕಾಕಾ, ಸ್ವಲ್ಪ ಕುಂತು ದಣಿವಾರಿಸಿಕೊಳ್ರಿ. ಗಡಬಡಿ ಏನೂ ಇಲ್ಲ."

"ದಣಿವಲ್ಲವಾ ಇದು. ನಿಂಗೂ ಗೊತ್ತೈತಿ, ನಂಗೂ ಗೊತ್ತೈತಿ. ಕಟ್ಟಿಕೋ."

ಅವಳು ಕಟ್ಟಿಕೊಂಡಳು. ಬಳೆಗಳನ್ನು ಮೊದಲೇ ತೆಗೆದು ಚೀಲಕ್ಕೆ ಹಾಕಿದ್ದಳು. ಮಜೀದ ಕೈಬ್ಯಾಟರಿ ಹೊತ್ತಿಸಿ ಹಿಡಿದು ಬಲಗಡೆಗೆ ನಿಂತ. ಬೆಳಕು ಕೂಡ ಸ್ವಲ್ಪ ಅಲುಗುತ್ತಿತ್ತು. ಅವನು ಬ್ಯಾಟರಿಯನ್ನು ಕಪಾಟಿನ ಅಂಚಿಗೆ ಆನಿಸಿದ, ಅಲುಗುವುದು ನಿಂತಿತು.

ಮೊದಲು ಬಲಗಡೆಯ ಕಾರ್ಡನ್ನು ಗಟ್ಟಿಯಾಗಿ ಕೂರಿಸಿ, ಜಾರದಂತೆ ಅದರ ಮೇಲಿನ ಪಟ್ಟಿ ಬಿಗಿದಳು. ನಂತರ ಎಡಗಡೆಯ ಬಟನ್ ಬಂದ್ ಮಾಡಿ ಕಾರ್ಡು ಕಿತ್ತಳು. ಮುಂದೇನೆಂದು ಅವಳಿಗೆ ಗೊತ್ತಿತ್ತು, ಆದರೂ ಅವನ ಮಾತಿಗೆ ಕಾದಳು.

"ಹಿಡಿಕಿ ಹಿಡಕೊಂಡು ಜಗ್ಗು. ಬುಡಕ ಇನ್ನೊಂದು ಕೈ ಇರ್ಲಿ, ಅದು ಭಾರ ಐತಿ. ಒಳಗಿನ ಹಲ್ಲಿಗೆ ಬೆರಳು ತಾಗಸಬ್ಯಾಡ."

ಸತ್ತ ಪವರ್ ಸಪ್ಲೈ ಗೂಡಿನಿಂದ ಸರಿದು ಬಂತು. ಅವಳು ಅದನ್ನು ಕೆಳಗಿಟ್ಟು ಹೊಸದನ್ನು ಎತ್ತಿದಳು. ಅಂಚಿಗೆ ಅಂಚು ಕೂಡಿಸಿ ಒಳಗೆ ತಳ್ಳಿದಳು. ಸಲೀಸಾಗಿ ಹೋಯಿತು, ಹೋಗಿ ಒಂದು ಬೆರಳಿನಷ್ಟು ಉಳಿದಾಗ ನಿಂತಿತು. ಕ್ಲಿಕ್ ಎಂಬ ಸದ್ದು ಬರಲಿಲ್ಲ. ಅವಳು ಸ್ವಲ್ಪ ಒತ್ತಿ ನೋಡಿದಳು. ಜಗ್ಗಲಿಲ್ಲ.

ಬಾಗಿಲಲ್ಲಿ ಮಲ್ಲೇಶಪ್ಪ ಇಣುಕಿದ. "ಏನಾತ್ರಿ?"

"ಏನಿಲ್ರಿ" ಎಂದು ಮಜೀದ ಅವನ ಕಡೆ ನೋಡದೆ ಹೇಳಿ, ಭಾಗ್ಯಶ್ರೀಗೆ ಮಾತ್ರ ಕೇಳುವಂತೆ ಮೆಲ್ಲಗೆ ಅಂದ, "ಒತ್ತಬ್ಯಾಡ. ಒತ್ತಿದ್ರ ಒಳಗಿನ ಹಲ್ಲು ಬಗ್ಗತಾವ, ಆಮ್ಯಾಲ ಇಡೀ ಡಬ್ಬಿನ ಹೋತು. ಹೊಳ್ಳಿ ತಗಿ. ಅದು ಯಾಕ ಒಲ್ಲೆ ಅಂತೈತಿ ನೋಡೂಣು."

ಒತ್ತಿದರೆ ಹೋದೀತು ಎಂದು ಅವಳ ತೋಳು ಹೇಳುತ್ತಿತ್ತು. ಗೂಡು ಖಾಲಿ ಇದೆ, ಹೊತ್ತು ಹೋಗುತ್ತಿದೆ ಎಂದು ತಲೆ ಹೇಳುತ್ತಿತ್ತು. ಅವಳು ಉಸಿರು ಬಿಟ್ಟು ಹೊರಕ್ಕೆ ಎಳೆದಳು. ಮಜೀದ ಬೆಳಕು ಹಿಡಿದ. ಹಿಂಬದಿಯ ಹಲ್ಲುಗಳ ಮೇಲೆ, ಸಾಗಿಸುವಾಗ ಪೆಟ್ಟಾಗದಿರಲೆಂದು ಹಾಕಿದ ತೆಳುವಾದ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇತ್ತು. ಕಪ್ಪಿನ ಮೇಲೆ ಕಪ್ಪು. ಬಾಗಿಲ ಬೆಳಕಿನಲ್ಲಿ ನಂಬರು ಓದುವಾಗ ಇಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

"ಇಬ್ಬರೂ ನೋಡೇವಿ, ಇಬ್ಬರಿಗೂ ಕಂಡಿಲ್ಲ" ಎಂದಳು ಭಾಗ್ಯಶ್ರೀ.

"ಇನ್ನ ಮ್ಯಾಲೆ ಕಾಣತೈತಿ ಬಿಡು."

ಮುಚ್ಚಳ ಕಿತ್ತು, ಹಲ್ಲುಗಳೆಲ್ಲ ನೆಟ್ಟಗಿವೆಯೆಂದು ನೋಡಿ, ಅವಳು ಮತ್ತೆ ಗೂಡಿಗೆ ಸೇರಿಸಿದಳು. ಈ ಸಲ ಕೊನೆಯವರೆಗೂ ಹೋಗಿ ಕ್ಲಿಕ್ ಎಂದಿತು. ಕಾರ್ಡು ಹಾಕಿ, ಪಟ್ಟಿ ಬಿಗಿದು, ಬಟನ್ ಒತ್ತಿದಳು. ದೀಪ ಮೊದಲು ಹಳದಿಯಾಯಿತು. ಎಷ್ಟು ಹೊತ್ತು ಹಳದಿಯಾಗಿತ್ತೋ, ಇಬ್ಬರಿಗೂ ಬಹಳವೆನಿಸಿತು. ಆಮೇಲೆ ಹಸಿರಾಯಿತು. ಹೊಸ ಫ್ಯಾನು ತಿರುಗುವ ಗಾಳಿ ಅವಳ ಬೆವೆತ ಮುಖಕ್ಕೆ ಬಡಿಯಿತು. ಲ್ಯಾಪ್‌ಟಾಪಿನಲ್ಲಿ ನೋಡಿದಳು. ಎರಡೂ ಸರಿಯಿವೆ ಎಂದಿತು.

"ಚಾಲೂ ಯಾವಾಗ ಮಾಡತೀರಿ?" ಮಲ್ಲೇಶಪ್ಪ ಮತ್ತೆ ಇಣುಕಿದ.

"ಮುಗೀತ್ರಿ."

"ಮುಗೀತು? ನಮಗ ಏನೂ ಗೊತ್ತಾಗಲಿಲ್ಲಲ್ರಿ!"

"ಗೊತ್ತಾಗಬಾರ್ದು ಅಂತನ ಮಾಡೇವ್ರಿ" ಎಂದಳು ಭಾಗ್ಯಶ್ರೀ. ಮಜೀದ ಮೊದಲ ಸಲ ನಕ್ಕ.

ಸಾಮಾನು ತುಂಬುವಾಗ ಅವನು ಕಾಣಲಿಲ್ಲ. ಭಾಗ್ಯಶ್ರೀ ಹುಡುಕಿಕೊಂಡು ಹೋದಾಗ ಡಾಕ್ಟರ್ ಅಂಕಿತಾಳ ಖೋಲಿಯ ಬಾಗಿಲು ಅರ್ಧ ತೆರೆದಿತ್ತು. ಮಜೀದ ಎರಡೂ ಕೈ ಮುಂದೆ ಚಾಚಿ ಕೂತಿದ್ದ. ಡಾಕ್ಟರು ಮೂಗು ಮುಟ್ಟಲು ಹೇಳಿದಳು, ಮುಟ್ಟಿದ. ನಡೆಯಲು ಹೇಳಿದಳು, ನಡೆದ. ಕಾಗದದ ಮೇಲೆ ಚಕ್ಕುಲಿಯಂತೆ ಸುರುಳಿ ಬರೆಯಲು ಹೇಳಿದಳು. ಅವನು ಬರೆದದ್ದನ್ನು ಭಾಗ್ಯಶ್ರೀ ಬಾಗಿಲಿನಿಂದಲೇ ಕಂಡಳು. ಗೆರೆಯೆಲ್ಲ ಗರಗಸದ ಹಲ್ಲಿನಂತಿತ್ತು.

"ನಿಮ್ಮ ಮನ್ಯಾಗ ಯಾರಿಗರ ಹಿಂಗ ಇತ್ತೇನ್ರಿ?" ಡಾಕ್ಟರು ಕೇಳಿದಳು.

"ನಮ್ಮಪ್ಪಗ ಇತ್ರಿ."

"ನೋಡಿದ್ರ ಹೆದರೂವಂಥಾ ಜಡ್ಡು ಅನಿಸೂದಿಲ್ಲ. ಒಬ್ಬೊಬ್ಬರ ವಂಶದಾಗ ಬರತೈತಿ. ಆದ್ರ ನಾ ಹೇಳೂದು ಸಾಲೂದಿಲ್ಲ, ಹುಬ್ಬಳ್ಳ್ಯಾಗ ನರದ ಡಾಕ್ಟರಿಗೆ ತೋರಸ್ರಿ. ಗುಳಗಿ ಅದಾವ, ಕಡಿಮಿ ಆಗತೈತಿ. ಪೂರಾ ಹೋಗತೈತಿ ಅಂತ ಮಾತ್ರ ಹೇಳೂದಿಲ್ಲ."

ವಾಪಸಾಗುವಾಗ ಮಜೀದ ವ್ಯಾನಿನ ಕೀಲಿಯನ್ನು ಭಾಗ್ಯಶ್ರೀಯ ಕೈಗೆ ಕೊಟ್ಟು ಪಕ್ಕದ ಸೀಟಿನಲ್ಲಿ ಕೂತ. ಸವಣೂರು ದಾಟಿದ ಮೇಲೆ ಅವನೇ ಮಾತು ಶುರು ಮಾಡಿದ.

"ನಮ್ಮಪ್ಪ ಹಾನಗಲ್ಲಾಗ ಟೇಲರ್ ಇದ್ದ. ಕೈ ನಡಗಾಕ ಚಾಲೂ ಆದ ಮ್ಯಾಲೆ ಮಂದಿ ಒಬ್ಬೊಬ್ಬರ ಬರೂದು ಬಿಟ್ರು. ಯಾರೂ ಒಂದು ಮಾತು ಕೆಟ್ಟ ಅನಲಿಲ್ಲ ನೋಡು. ನಮಸ್ಕಾರ ಮಾಡತಿದ್ರು, ಮಾತಾಡಸತಿದ್ರು, ಅರಿವಿ ಮಾತ್ರ ಬ್ಯಾರೆ ಕಡೆ ಹೊಲಸತಿದ್ರು. ಅಪ್ಪ ದಿನಾ ಮಷೀನು ಒರಸಿ, ಎಣ್ಣಿ ಹಾಕಿ ಕುಂಡರತಿದ್ದ. ನಂಗೂ ಹಂಗ ಆಗತೈತಿ ಅಂತ ಸುಮ್ಮನಿದ್ದೆ."

ಭಾಗ್ಯಶ್ರೀಗೆ ಕಣ್ಣು ತುಂಬಿ ಬಂತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬರುತ್ತಿದ್ದುದರಿಂದ ಒರೆಸಿಕೊಳ್ಳಲು ಆಗಲಿಲ್ಲ. "ನಾನೂ ಸುಮ್ಮನ ಇದ್ದೆ ಕಾಕಾ. ನಿಮಗ ಬ್ಯಾಸರ ಆಗತೈತಿ ಅಂತ. ಹಂಗ ಸುಮ್ಮನಿರೂದು ಬರೋಬ್ಬರಿ ಅಲ್ಲ ಅಂತ ಈಗ ಅನಸಾಕತ್ತೈತಿ."

"ಆ ಮುದುಕಿ ಕೇಳಿದಾಗ ನಂಗ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಗುರ ಆತು. ಅದ ನನಗ ಅಗದಿ ಆಶ್ಚರ್ಯ."

ಅವನು ಹೆಂಡತಿ ಹಯಾತಬಿಗೆ ಫೋನ್ ಮಾಡಿದ. ಮನೆಮಾತು ಉರ್ದುವಿನಲ್ಲಿ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಫೋನ್ ಇಟ್ಟ ಮೇಲೆ ಭಾಗ್ಯಶ್ರೀ ಕೇಳಿದಳು, "ಕಾಕಿ ಏನಂದ್ರು?"

"ಅಕಿಗೆ ಮೊದಲ ಗೊತ್ತಿತ್ತಂತ. ಚಹಾ ಅರ್ಧಾ ಕಪ್ಪ ಕೊಡತಿದ್ಲು, ಚೆಲ್ಲಬಾರ್ದು ಅಂತ. ನಾ ಹಾಲು ತುಟ್ಟಿ ಆಗೇತಿ ಅಂತ ತಿಳಕೊಂಡಿದ್ದೆ." ಅವನು ನಗಲು ಹೋದ, ಧ್ವನಿ ಒಡೆಯಿತು. ಕಿಟಕಿಯ ಕಡೆಗೆ ಮುಖ ತಿರುಗಿಸಿದ.

ಹುಬ್ಬಳ್ಳಿಯ ನರದ ಡಾಕ್ಟರೂ ಅಂಕಿತಾ ಹೇಳಿದ್ದನ್ನೇ ಹೇಳಿದರು. ಗುಳಿಗೆಯಿಂದ ನಡುಕ ಕಡಿಮೆಯಾಯಿತು. ಒಂದೊಂದು ದಿನ ಕೈ ಹೇಳಿದಂತೆ ಕೇಳುತ್ತಿತ್ತು, ಒಂದೊಂದು ದಿನ ಇಲ್ಲ. ಕೇಳದ ದಿನ ಅವನು ಬೆಳಿಗ್ಗೆಯೇ "ಇವತ್ತು ಬ್ಯಾಡ" ಎಂದು ಹೇಳಿಬಿಡುತ್ತಿದ್ದ. ಮೊದಮೊದಲು ಹಾಗೆ ಹೇಳುವಾಗ ಅವನ ಮುಖ ಕೆಂಪಾಗುತ್ತಿತ್ತು, ಬರಬರುತ್ತ ಮಳೆ ಬರುವಂತಿದೆ ಎಂದಷ್ಟೇ ಸಹಜವಾಯಿತು.

ಯುಗಾದಿ ಕಳೆದ ಮೇಲೆ ಹಿರೇಕೆರೂರಿನ ಕಾಲೇಜೊಂದರಿಂದ ಫೋನ್ ಬಂತು. ಅಲ್ಲಿನ ಸ್ವಿಚ್ಚಿನ ಫ್ಯಾನು ನಿಂತುಹೋಗಿ ಡಬ್ಬಿ ಕಾಯುತ್ತಿದೆ, ಪರೀಕ್ಷೆ ಹತ್ತಿರ ಬಂದಿದೆ, ಮಜೀದಸಾಬ್ರೇ ಬಂದು ಮಾಡಿಕೊಡಬೇಕು ಎಂದರು. ಭಾಗ್ಯಶ್ರೀ ಅಂಗಡಿಯ ಒಳಗೆ ಕೇಬಲ್ಲು ಸುತ್ತುತ್ತ ಕೇಳಿಸಿಕೊಳ್ಳುತ್ತಿದ್ದಳು.

"ನಾಳೆ ಮುಂಜಾನೆ ಭಾಗ್ಯಶ್ರೀಯವರು ಬರತಾರ್ರಿ" ಎಂದ ಮಜೀದ. ಆ ಕಡೆಯವರು ಏನೋ ಅಂದರು. "ಹೌದ್ರಿ, ಅವರ ಮಾಡತಾರ. ಜೋಡಿ ನಾನೂ ಇರತೇನಿ, ಬ್ಯಾಟರಿ ಹಿಡಿಯಾಕ ಒಬ್ಬರು ಬೇಕಾಗತೈತಿ."

ಫೋನ್ ಇಟ್ಟು ಅವನು ಕಪಾಟಿನಿಂದ ಬದಲಿ ಫ್ಯಾನಿನ ಪೆಟ್ಟಿಗೆ ಇಳಿಸಿದ. ಅದನ್ನು ಮೇಜಿನ ಮೇಲಿಟ್ಟು, ಕನ್ನಡಕ ಏರಿಸಿಕೊಂಡು, "ಬಾ, ಇದರ ಗಾಳಿ ಯಾವ ಕಡೆ ಐತಿ ನೋಡೂಣು" ಎಂದು ಅವಳನ್ನು ಕರೆದ.